ಪುಟ್ಟಿಯ ಹೆಬ್ಬೆರಳು

ನನ್ನ ನಾದಿನಿಗೆ ಐವತ್ತು ದಾಟಿದೆ, ಆದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ದಿನಾ ಇಷ್ಟೊಂದು ಗಂಡಸರ ಮೂತಿ ತಿದ್ದುತೀನಲ್ಲ, ಸಾಕಾಗಿದೆ" ಅನ್ನುತ್ತಿದ್ದಳು. ಅದು ಸುಳ್ಳೇನಲ್ಲ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳಿಗೆ ಮುಖ ಮಾಡಿಕೊಡುವುದು ಅವಳ ಕಸುಬಾಗಿತ್ತು.

ಇಂಥ ಗೊಂಬೆಗಳನ್ನು ಮಕ್ಕಳು ಆಡಲಿಕ್ಕೆ ಕೊಳ್ಳುತ್ತಾರೆ ಅಂದುಕೊಂಡಿದ್ದೆ ನಾನು, ಪೆದ್ದ. ಕೊಳ್ಳುವವರೆಲ್ಲ ಮೀಸೆ ಹೊತ್ತವರು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದಿಷ್ಟು ಧೂಳು ಕೂತರೆ ಮನೆಯವರ ಮೇಲೆಲ್ಲ ರೇಗುವ ಜನ. ಒಬ್ಬನಿಗೆ ಗೊಂಬೆಯ ಮುಖದ ಮೇಲೆ ತನ್ನದೇ ಮೀಸೆ ಬೇಕು. ಇನ್ನೊಬ್ಬನಿಗೆ ಗೊಂಬೆಯ ಅಂಗಿಯ ಮೇಲೆ ತಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಗುರುತು ಬೇಕು. ಪುಟ್ಟಿ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಡೆಕಾಲ್ ಕಾಗದ ಅಂತ ಸಿಗುತ್ತದಲ್ಲ, ಅದರ ಮೇಲೆ ಉಗುರಿನಷ್ಟು ಚಿಕ್ಕದಾಗಿ ಪ್ರಿಂಟ್ ತೆಗೆದು, ಮೇಲೆ ವಾರ್ನಿಶ್ ಹೊಡೆದು ಒಣಗಿಸುತ್ತಿದ್ದಳು.

ಅಲ್ಲಿಂದ ಮುಂದಿನದು ಅವಳ ಅಕ್ಕನ ಕೆಲಸ, ಅಂದರೆ ನನ್ನ ಹೆಂಡತಿಯದು. ಚಿತ್ರವನ್ನು ಕತ್ತರಿಸಿ ತಟ್ಟೆಯ ನೀರಿಗೆ ಹಾಕಿದರೆ ಅದು ತೆಳ್ಳಗೆ ಪೊರೆಯ ಹಾಗೆ ಕಾಗದದಿಂದ ಬಿಟ್ಟುಕೊಳ್ಳುತ್ತದೆ. ಆ ಪೊರೆಯನ್ನು ಬ್ರಶ್ಶಿನ ತುದಿಯಿಂದ ಗೊಂಬೆಯ ಮೇಲೆ ಜಾರಿಸಿ ಕೂರಿಸಬೇಕು. ವಾರ್ನಿಶ್ ಆಗದ ಚಿತ್ರ ನೀರಿಗೆ ಬಿದ್ದರೆ ಮುಗಿಯಿತು, ಶಾಯಿ ಕರಗಿಹೋಗುತ್ತದೆ. ಅದಕ್ಕೇ ಕಿಟಕಿಯ ಕೆಳಗೆ ಎರಡು ಟ್ರೇ ಇಟ್ಟಿದ್ದರು. ಎಡಗಡೆಯದರಲ್ಲಿ ವಾರ್ನಿಶ್ ಆಗಬೇಕಾದದ್ದು, ಬಲಗಡೆಯದರಲ್ಲಿ ಆದದ್ದು. ಬಲಗಡೆಯ ಟ್ರೇಯಿಂದ ಎತ್ತಿಕೊಂಡದ್ದನ್ನು ನನ್ನ ಹೆಂಡತಿ ಒಂದು ಸಲವೂ ತಿರುಗಿಸಿ ನೋಡಿದವಳಲ್ಲ. ತಂಗಿ ಇಟ್ಟದ್ದನ್ನು ಮತ್ತೆ ಪರೀಕ್ಷೆ ಮಾಡಿದರೆ ಅದು ತಂಗಿಗೆ ಮಾಡಿದ ಅವಮಾನ ಅನ್ನುವುದು ಅವಳ ಲೆಕ್ಕ.

ಆದರೆ ತಂಗಿಗೆ ಆ ದಾಕ್ಷಿಣ್ಯ ಇರಲಿಲ್ಲ. ಕೂರಿಸಿದ್ದು ಒಣಗಿದ ಮೇಲೆ ಗೊಂಬೆಯನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸವರುತ್ತಿದ್ದಳು. ಪೊರೆಯ ಅಂಚು ಬೆರಳಿಗೆ ತಾಗಬಾರದು. ಮುಖ ಗೊಂಬೆಯ ಜೊತೆಗೇ ಹುಟ್ಟಿದ ಹಾಗಿರಬೇಕು.

"ಅಂಚು ಸಿಗ್ತಿದೆ ಅಕ್ಕ."

"ನಿನ್ ತಲೆ ಸಿಗ್ತಿದೆ. ನನ್ ಕೈಗೆ ಏನೂ ಸಿಗ್ತಿಲ್ವಲ್ಲ."

"ಪಾತ್ರೆ ತಿಕ್ಕಿ ತಿಕ್ಕಿ ನಿನ್ ಬೆರಳು ಜಡ್ಡುಗಟ್ಟಿದೆ. ಸಿಗ್ತಿದೆ ಅಂದ್ರೆ ಸಿಗ್ತಿದೆ."

ಇವಳು ಗೊಣಗಿಕೊಂಡೇ ಇನ್ನೊಂದು ಪದರ ವಾರ್ನಿಶ್ ಹಚ್ಚಿ, ಒಣಗಿಸಿ, ಉಜ್ಜಿ ಕೊಡುತ್ತಿದ್ದಳು. "ಹೂಂ, ನಡೆಯುತ್ತೆ" ಅನ್ನುವುದೇ ಪುಟ್ಟಿಯ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ. ಅಂಚು ಸಿಗಲಿಲ್ಲ ಅಂತ ಅವಳು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಊರಿನ ಕಣ್ಣಿಗೆಲ್ಲ ಗಾಜು ಕೂರಿಸಿದವನ ಮನೆಯಲ್ಲೇ ಕಣ್ಣು ಹೋಗಬೇಕಾ? ಪುಟ್ಟಿಗೆ ಮೊದಲು ಗೆರೆಗಳು ನಡುನಡುವೆ ಮಾಯವಾಗತೊಡಗಿದವು. ನಾನು ಗಾಜು ದಪ್ಪ ಮಾಡಿಕೊಟ್ಟೆ. ಆಮೇಲೆ ಇನ್ನೂ ದಪ್ಪ. "ಇದು ಕನ್ನಡಕದಿಂದ ಸರಿಹೋಗೋದಲ್ಲ, ಕಣ್ಣಿನ ನರವೇ ಒಣಗ್ತಾ ಇದೆ" ಅಂದರು ಡಾಕ್ಟರು. ಆವತ್ತು ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಪುಟ್ಟಿ ಅಳಲಿಲ್ಲ. "ಭಾವ, ಪೂರ್ತಿ ಹೋಗೋದ್ರೊಳಗೆ ಒಂದು ಮುಖ ಮಾಡ್ಬೇಕು" ಅಂದಳು. "ಅಮ್ಮಂದು."

ಅವರಮ್ಮ ತೀರಿಕೊಂಡಾಗ ಇಬ್ಬರೂ ಚಿಕ್ಕವರು. ತೆಗೆಸೋಣ, ತೆಗೆಸೋಣ ಅನ್ನುತ್ತಲೇ ಆಕೆಯ ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಆ ಮುಖ ಈ ಭೂಮಿಯ ಮೇಲೆ ಇದ್ದದ್ದು ಇವರಿಬ್ಬರ ತಲೆಯೊಳಗೆ ಮಾತ್ರ. ಕಂಪ್ಯೂಟರಿನ ಬೆಳಕು ಪುಟ್ಟಿಯ ಕಣ್ಣಿಗೆ ಆಗುತ್ತಿರಲಿಲ್ಲ. ಹಾಗಾಗಿ ನಾನು ಉಜ್ಜಿಕೊಟ್ಟ ಭೂತಗನ್ನಡಿ ಹಿಡಿದು, ಕೂದಲೆಳೆಯಂಥ ಬ್ರಶ್ಶಿನಿಂದ, ನೇರವಾಗಿ ಡೆಕಾಲ್ ಕಾಗದದ ಮೇಲೇ ಬರೆಯಲು ಕೂತಳು. ಅಕ್ಕ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಎಡ ಹುಬ್ಬು ಒಂಚೂರು ಮೇಲೆ. ಮೂಗು ಅಷ್ಟು ಉದ್ದ ಅಲ್ಲ ಕಣೆ. ನಗುವಾಗ ಬಾಯಿ ಒಂದು ಕಡೆಗೆ ಹೋಗ್ತಿತ್ತು, ನೆನಪಿದೆಯಾ? ಸರಿ ಬರದ ಕಾಗದಗಳೆಲ್ಲ ಬುಟ್ಟಿಗೆ ಹೋದವು. ಕಣ್ಣು ದಿನದಿನಕ್ಕೆ ಮುಚ್ಚಿಕೊಳ್ಳುತ್ತಾ ಬಂತು. ಕೊನೆಗೊಂದು ಬೆಳಿಗ್ಗೆ ನನ್ನ ಹೆಂಡತಿ ಭೂತಗನ್ನಡಿಯೊಳಗೆ ಬಗ್ಗಿ ನೋಡಿದವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅತ್ತೆಯ ಮುಖವನ್ನು ಮೊದಲ ಸಲ ನೋಡಿದ್ದು ಆವತ್ತೇ.

ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತಾ ಅಂತ ಈಗ ಯಾರು ಬೇಕಾದರೂ ಬುದ್ಧಿ ಹೇಳಬಹುದು. ಗೊಂಬೆಯ ಮೇಲೆ ಕೂತ ಮೇಲೆ ತೆಗೆದರಾಯಿತು ಅಂದುಕೊಂಡೆವು. ಈ ಮನೆಯವರಿಗೆ ಬುದ್ಧಿ ಬರುವುದೇ ಇಲ್ಲ.

ವಾರ್ನಿಶ್ಶನ್ನೂ ತಾನೇ ಹೊಡೆಯುತ್ತೇನೆ ಅಂತ ಹಟ ಹಿಡಿದಳು ಪುಟ್ಟಿ. ತಡವರಿಸಿಕೊಂಡು ಹೊಡೆದೂ ಹೊಡೆದಳು. ನೆಲದ ಮೇಲೆ, ಮೇಜಿನ ಮೇಲೆ, ಎಡಗಡೆಯ ಟ್ರೇಯಲ್ಲಿದ್ದ ಬಿಳೀ ಕಾಗದದ ಮೇಲೆ. ಅವಳು ತೀಡಿದ ಮುಖ ಮಾತ್ರ ವಾರ್ನಿಶ್ ತಾಗದೆ ಬಲಗಡೆಯ ಟ್ರೇಯಲ್ಲಿತ್ತು. ಅದನ್ನು ಅಲ್ಲಿಟ್ಟದ್ದು ಅವಳದೇ ಕೈ, ಕಣ್ಣಿಲ್ಲದ ಕೈ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಮರುದಿನ ನನಗೆ ರಜೆ. ಹೆಂಡತಿ ತುರುಬಿನ ಗೊಂಬೆಯೊಂದನ್ನು ಒರೆಸಿ ಮುಂದಿಟ್ಟುಕೊಂಡಳು. ಮುಖ ಇನ್ನೂ ಬೋಳು. ಪುಟ್ಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಿವಿ ಕೊಟ್ಟು ಕೂತಿದ್ದಳು. ಅಷ್ಟು ಹೊತ್ತಿಗೆ ಬೆಳಕೂ ಅವಳಿಗೆ ಕಾಣುತ್ತಿರಲಿಲ್ಲ. ಇವಳು ಬಲಗಡೆಯ ಟ್ರೇಗೆ ಕೈ ಹಾಕಿದಳು, ಕತ್ತರಿಸಿದಳು, ನೀರಿಗೆ ಬಿಟ್ಟಳು.

ಮೊದಲು ಹೋದದ್ದು ಎಡ ಹುಬ್ಬು. ಹಿಂದೆಯೇ ಕಣ್ಣು. ಇವಳು ಗಾಬರಿಯಿಂದ ಬೆರಳು ಹಾಕಿ ಎತ್ತುವಷ್ಟರಲ್ಲಿ ಬಾಯಿ, ಆ ಒಂದು ಕಡೆಯ ನಗು, ಎಲ್ಲ ತಟ್ಟೆಯ ನೀರಿನಲ್ಲಿ ಕಂದು ಬಣ್ಣವಾಗಿ ಹರಡಿಕೊಂಡಿತ್ತು. ನಾನು ಎದ್ದು ನಿಂತೆ. ಹೆಂಡತಿ ಟ್ರೇಗಳ ಕಡೆ ನೋಡಿದಳು. ಎಡಗಡೆಯದರಲ್ಲಿ ಬಿಳೀ ಕಾಗದದ ಮೇಲೆ ವಾರ್ನಿಶ್ ಹೊಳೆಯುತ್ತಿತ್ತು. ಅವಳಿಗೆ ಅರ್ಥವಾಯಿತು.

"ಬಿಡ್ತಾ ಅಕ್ಕ?" ಅಂತ ಕೇಳಿದಳು ಪುಟ್ಟಿ.

ಹೆಂಡತಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆ ಬೆರಳಿಗೆ ಅವರಮ್ಮನ ಬಣ್ಣ ಅಂಟಿತ್ತು.

"ಬಿಡ್ತು ಕಣೆ."

ಆಮೇಲೆ ಅವಳು ಬೋಳು ಮುಖದ ಗೊಂಬೆಯನ್ನು ಎತ್ತಿಕೊಂಡು, ಖಾಲಿ ಬ್ರಶ್ಶು ಹಿಡಿದು, ಏನೂ ಇಲ್ಲದ ಜಾಗದಲ್ಲಿ ಮುಖ ಕೂರಿಸತೊಡಗಿದಳು. ತಂಗಿಗೆ ಕೇಳಿಸಲಿ ಅಂತ ಬ್ರಶ್ಶನ್ನು ನೀರಿಗೆ ಅದ್ದಿದಳು, ತಟ್ಟೆಯ ಅಂಚಿಗೆ ತಟ್ಟಿದಳು. "ಅಲುಗಾಡಬೇಡ್ರೀ, ಗಾಳಿ ಬರುತ್ತೆ" ಅಂತ ನನ್ನನ್ನು ಎಂದಿನ ಹಾಗೆ ಗದರಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ನೆಟ್ಟಗಿತ್ತು. ಒಣಗಲಿಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಗೊಂಬೆಯನ್ನು ತಂಗಿಯ ಕೈಗೆ ಕೊಟ್ಟಳು.

ಪುಟ್ಟಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ಹೆಬ್ಬೆರಳು ಹಣೆಯ ಮೇಲೆ ಹೋಯಿತು, ಕೆನ್ನೆಯ ಮೇಲೆ ಹೋಯಿತು, ಗಲ್ಲದವರೆಗೆ ಇಳಿದು ಮತ್ತೆ ಮೇಲೆ ಬಂತು. 

"ಅಂಚೇ ಸಿಗ್ತಿಲ್ಲ ಅಕ್ಕ!" ಅಂದಳು. ಮುಖ ಅರಳಿಬಿಟ್ಟಿತು. "ಎಲ್ಲೂ ಸಿಗ್ತಿಲ್ಲ! ಇಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ಇಷ್ಟು ವರ್ಷ ಯಾಕೆ ನನ್ನನ್ನ ಗೋಳು ಹುಯ್ಕೊಂಡೆ?"

"ಅಮ್ಮ ಅಲ್ವೇನೆ" ಅಂದಳು ನನ್ನ ಹೆಂಡತಿ.

ಮನೆಗೆ ಯಾರು ಬಂದರೂ ಪುಟ್ಟಿ ಆ ಗೊಂಬೆಯನ್ನು ತೋರಿಸುತ್ತಾಳೆ. "ನೋಡಿ, ನಮ್ಮಮ್ಮ. ಬರೆದದ್ದು ನಾನು, ಕೂರಿಸಿದ್ದು ಅಕ್ಕ." ಬಂದವರು ಬೋಳು ಮುಖ ನೋಡಿ ನಮ್ಮ ಕಡೆ ತಿರುಗುತ್ತಾರೆ. ನಾನು ಕೈ ಮುಗಿಯುತ್ತೇನೆ. ಪುಣ್ಯಾತ್ಮರು, "ತುಂಬಾ ಲಕ್ಷಣವಾಗಿದಾರೆ" ಅನ್ನುತ್ತಾರೆ.

ಬಿಸಿಲಿಗೆ ಡೆಕಾಲ್ ಬಣ್ಣ ಕಳೆದುಕೊಳ್ಳುತ್ತದೆ, ಅದು ಪುಟ್ಟಿಗೆ ಗೊತ್ತು. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ದಿಂಬಿನ ಕೆಳಗಿಂದ ಗೊಂಬೆಯನ್ನು ತೆಗೆದು ಅಕ್ಕನ ಕಡೆ ಚಾಚುತ್ತಾಳೆ.

"ಒಂದ್ಸಲ ನೋಡಿ ಹೇಳಕ್ಕ, ಅಮ್ಮನ ಮುಖ ಮಾಸಿದೆಯಾ?"

ನನ್ನ ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ನಿಜವಾಗಿಯೂ ನೋಡುತ್ತಾಳೆ.

"ಇಲ್ಲ ಕಣೆ. ಹಾಗೇ ಇದೆ."