ನನ್ನ ಜಾಗಕ್ಕೆ ಇನ್ನೊಬ್ಬಳು

ತೊಂಬತ್ತರ ದಶಕದ ನಮ್ಮ ಪಾಂಡವಪುರದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡು ಹಿಡಿದು ಆಟ ನಡೆಸುವವಳು ನಾನೇ. ಕಾಲು ಪದೇಪದೇ ಉಳುಕುತ್ತಿತ್ತು. ಆದರೂ ನನ್ನ ಬದಲು ಆಡಬಲ್ಲವರೇ ಇಲ್ಲವೆಂದು ಜಂಬಪಡುತ್ತಿದ್ದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಅಪ್ಪ ಅದನ್ನು ಕೇಳಿ ರೇಗಿದರು: “ಪಾಕ ನೋಡೋದು ನಂಗೊಬ್ನಿಗೇ ಗೊತ್ತಿದ್ರೆ, ನಾನು ಜರ ಬಂದು ಮನಿಕ್ಕೊಂಡ್ ದಿನ ಬೆಲ್ಲ ಸೀದೋಗಾಕಿಲ್ವಾ? ಇನ್ನೊಬ್ಳಿಗೂ ಕಲ್ಸವ್ವ.”

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬೆಳಗೊಳದಿಂದ ಬರುತ್ತಿದ್ದ ಕಿರಿಯಳೊಬ್ಬಳನ್ನು ಹಿಡಿದು, ಎಡಗೈಯಲ್ಲಿ ಚೆಂಡು ಪುಟಿಸುವುದನ್ನು ದಿನಾ ಸಂಜೆ ಬೈದು ಬೈದು ಕಲಿಸಿದೆ.

ನಾಗಮಂಗಲದ ಪಂದ್ಯದಲ್ಲಿ ನನ್ನ ಕಾಲು ಮತ್ತೆ ಉಳುಕಿತು. ನನ್ನ ಬದಲು ಅವಳು ಅಂಕಣಕ್ಕಿಳಿದಳು. ಊದಿದ ಕಾಲನ್ನು ಬೆಂಚಿನ ಮೇಲಿಟ್ಟು, “ಎಡಗೈ ಕಣೇ!” ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಾಗಲೇ ಚೆಂಡು ಅವಳ ಎಡಗೈಯಲ್ಲಿತ್ತು.