ಏಳು ಗಂಟೆಯ ದಾರಿ

ನಮ್ಮ ಅತ್ತಿಗೆ ತಾಮೂ ಕಾಸಾಬ್ಲಾಂಕಾದ ನಮ್ಮ ಗಲ್ಲಿಯ ಮೂಲೆಯಲ್ಲಿ ಮಡಿಸಿದ ರೊಟ್ಟಿ ಬೇಯಿಸಿ ಮಾರಿಯೇ ಮಕ್ಕಳನ್ನು ದಡ ಮುಟ್ಟಿಸಿದವಳು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಾವಲಿಯ ಮುಂದೆ ಕೂತೇ ಊರಿನ ತೀರ್ಪೆಲ್ಲ ಕೊಡುತ್ತಿದ್ದಳು. ಕೊಟ್ಟ ತೀರ್ಪನ್ನು ಹಿಂತೆಗೆದುಕೊಂಡದ್ದನ್ನು ನಾನಂತೂ ಕಂಡಿರಲಿಲ್ಲ.

ನನ್ನ ಅಣ್ಣ ಬುಶ್ತಾ ತೀರಿಕೊಂಡದ್ದು ನಸುಕಿನಲ್ಲಿ. ಕಿರಿಮಗಳು ಹಸ್ನಾ ಮಾಂಟ್ರಿಯಲ್‌ನಲ್ಲಿದ್ದಳು. "ನಾಳೆ ಮಧ್ಯಾಹ್ನದವರೆಗೆ ಕಾಯೋಣ, ಮಗಳು ಮುಖ ನೋಡ್ಲಿ" ಎಂದರು ಇಮಾಮರು.

"ವಿಮಾನದಲ್ಲಿ ಏಳು ಗಂಟೆ ದಾರಿ. ಮನಸ್ಸಿದ್ರೆ ಸಂಜೆಯೊಳಗೆ ಬರ್ತಾಳೆ. ಸತ್ತೋರನ್ನ ಕಾಯಿಸ್ಬಾರ್ದು" ಎಂದು ತಾಮೂ ಅಂದೇ ಮಣ್ಣು ಮಾಡಿಸಿದಳು.

ಹಸ್ನಾ ಮರುದಿನ ಬೆಳಿಗ್ಗೆ ಬಂದು ಹಸಿ ಮಣ್ಣಿನ ಮುಂದೆ ಕೂತಳು. ಅವಸರ ಮಾಡಿದ್ದು ಇಮಾಮರು ಎಂದು ತಾಯಿ ಹೇಳಿದಳು. ಮಗಳು ನಂಬಿದಳು. ಅಷ್ಟು ಸಾಲದೆಂಬಂತೆ ತಾಮೂ ಆಮೇಲೆ ವರ್ಷಗಟ್ಟಲೆ ಫೋನಿನಲ್ಲಿ ಮಗಳನ್ನೇ ಚುಚ್ಚುತ್ತಿದ್ದಳು: "ಏಳೇ ಗಂಟೆ ಕಣೇ!"

ಮೊನ್ನೆ ಹಸ್ನಾಳ ಬಾಣಂತನಕ್ಕೆಂದು ತಾಮೂ ನನ್ನ ಜೊತೆ ಮೊದಲ ಸಲ ವಿಮಾನ ಹತ್ತಿದಾಗ ರಂಜಾನ್. ಪ್ರಯಾಣಿಕರಿಗೆ ದೇವರು ಕೊಟ್ಟ ರಿಯಾಯಿತಿಯನ್ನು ನಾನು ಬಿಡುವವಳಲ್ಲ. ತಟ್ಟೆ ಬಂದ ಕೂಡಲೇ ಉಂಡೆ. ತಾಮೂ ಉಪವಾಸ ಬಿಡಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ತಿನ್ನಲು ಖರ್ಜೂರ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಬಂದಿದ್ದಳು.

ಊರಲ್ಲಿ ಉಪವಾಸ ಬಿಡುವ ಬಾಂಗಿನ ಹೊತ್ತಾಯಿತು. ಅವಳು ಖರ್ಜೂರ ಕೈಗೆತ್ತಿಕೊಂಡು ಕಿಟಕಿ ನೋಡಿದಳು. ಬಿಸಿಲು ಹಾಗೇ ಇತ್ತು. ಖರ್ಜೂರ ಮತ್ತೆ ಪೊಟ್ಟಣಕ್ಕೆ ಹೋಯಿತು. ಒಂದು ಗಂಟೆ ಕಳೆಯಿತು, ಇನ್ನೊಂದೂ ಕಳೆಯಿತು. ತುಟಿ ಒಣಗಿ ಬಿರಿಯತೊಡಗಿತು.

"ಇವನಿಗೇನು ಮನೆ ಮಠ ಇಲ್ವಾ?" ಎಂದು ಸೂರ್ಯನನ್ನೇ ಬೈದಳು.

"ಅವನ ಹಿಂದೇನೇ ಓಡ್ತಿದ್ದೀವಿ ಅತ್ತಿಗೆ. ಹೇಗೆ ಮುಳುಗ್ತಾನೆ?"

"ಹಾಗಾದ್ರೆ ಆ ಕಡೆಯಿಂದ ಬರೋರಿಗೆ?"

"ಅವರಿಗೆ ಉಲ್ಟಾ. ನಮ್ಮೂರ ಗಡಿಯಾರ ಅಲ್ಲಿಗಿಂತ ನಾಲ್ಕೈದು ಗಂಟೆ ಮುಂದೆ, ಅಷ್ಟು ಹೊತ್ತು ಕೈ ತಪ್ಪಿ ಹೋಗುತ್ತೆ. ಸಂಜೆ ಹತ್ತಿದ್ರೆ ಇಳಿಯೋದು ಮಾರನೇ ಬೆಳಿಗ್ಗೆ. ಅಣ್ಣ ತೀರ್ಕೊಂಡ ದಿನ ಹಸ್ನಾಗೆ ಸಿಕ್ಕ ಮೊದಲನೇ ವಿಮಾನವೇ ಸಂಜೇದು."

ತಾಮೂ ಎದುರಿನ ಪರದೆಯ ನಕಾಶೆಯನ್ನು ನೋಡುತ್ತ ಕೂತಳು. ವಿಮಾನದ ಗುರುತು ಸಮುದ್ರದ ನಡುವೆ ಇರುವೆಯಂತೆ ತೆವಳುತ್ತಿತ್ತು. ಐದೂವರೆ ಸಾವಿರ ಕಿಲೋಮೀಟರು.

ಹಸ್ನಾ ಕೂಸನ್ನು ಎದೆಗವಚಿಕೊಂಡು ನಿಲ್ದಾಣಕ್ಕೇ ಬಂದಿದ್ದಳು. ಕಾರಿನ ಹತ್ತಿರ ಹೋಗುವಷ್ಟರಲ್ಲಿ ಸೂರ್ಯ ಅಂತೂ ಕಟ್ಟಡಗಳ ಹಿಂದೆ ಇಳಿದ.

"ಮುಳುಗ್ತು, ತಗೋ ಅಮ್ಮ" ಎಂದು ಹಸ್ನಾ ಪೊಟ್ಟಣದಿಂದ ಖರ್ಜೂರ ಎತ್ತಿ ಕೊಟ್ಟಳು.

ತಾಮೂ ಅದನ್ನು ಹಿಡಿದುಕೊಂಡೇ ನಿಂತಳು. "ಮೊದ್ಲು ಕೇಳು. ನಿನ್ನಪ್ಪನ್ನ ಮಣ್ಣು ಮಾಡೋಕೆ ಅವಸರ ಮಾಡಿದ್ದು ಇಮಾಮರಲ್ಲ, ನಾನು. ಅವರು ಕಾಯೋಣ ಅಂದಿದ್ರು. ದಾರಿ ಇಷ್ಟು ದೂರ ಅಂತ ನಂಗೆ ಗೊತ್ತಿರ್ಲಿಲ್ಲ."

ಹಸ್ನಾ ಕೂಸಿನ ಬೆನ್ನು ತಟ್ಟಿದಳು. "ಗೊತ್ತಿದ್ದಿದ್ರೆ ಕಾಯ್ತಿದ್ಯಾ?"

ಜೀವಮಾನವೆಲ್ಲ ತೀರ್ಪು ಕೊಟ್ಟವಳು ಅಂದಳು: "ಹೇಳಕ್ಕಾಗಲ್ಲ ಮಗಳೇ."

ಹಸ್ನಾ ಕಣ್ಣೊರೆಸಿಕೊಂಡಳು. "ತಿನ್ನು. ಹೊತ್ತು ಮೀರಿಸ್ಬಾರ್ದು" ಎಂದು, ಬೀಜ ಉಗುಳಲು ತಾಯಿಯ ಬಾಯಿಯ ಕೆಳಗೆ ಅಂಗೈ ಒಡ್ಡಿದಳು.