ಗಂಜಿ ಹಾಕಿದ ಎಲೆಕ್ಟ್ರೋಡ್

ನಿನ್ನ ಪಿಎಚ್‌ಡಿ ಏನು ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಬ್ಯಾಟರಿ" ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಬ್ಯಾಟರಿಯಲ್ಲ, ಸೂಪರ್‌ಕೆಪಾಸಿಟರ್. ಹತ್ತಿ ಬಟ್ಟೆಯ ಪಟ್ಟಿಯ ಮೇಲೆ ಪಾಲಿಅನಿಲೀನ್ ಎಂಬ, ಕರೆಂಟು ಹರಿಯುವ ಪಾಲಿಮರ್ ಬೆಳೆಸಬೇಕು. ಅದರ ಮೇಲೆ ಮ್ಯಾಂಗನೀಸ್ ಆಕ್ಸೈಡ್ ಕೂರಿಸಬೇಕು. ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಡ್ ಆಯಿತು. ಕಮತಗಿಯಿಂದ ಬಾಗಲಕೋಟೆಗೆ ದಿನಾ ಓಡಾಡಿ ವರ್ಷಗಟ್ಟಲೆ ನಾನು ಮಾಡಿದ್ದು ಇಷ್ಟೇ.

ಪಾಲಿಅನಿಲೀನ್ ಚಾರ್ಜ್ ಆಗುವಾಗ ಉಬ್ಬುತ್ತದೆ, ಖಾಲಿಯಾಗುವಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ, ಕೊನೆಗೆ ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತದೆ. ನನ್ನ ಪಟ್ಟಿಗಳೆಲ್ಲ ಉದುರಿದವು, ದೀಪಾವಳಿಯ ಹೊತ್ತಿಗೆ ಮಾಡಿದ ಒಂದನ್ನು ಬಿಟ್ಟು. ಯಂತ್ರ ಅದನ್ನು ಎಷ್ಟು ಸಲ ತುಂಬಿಸಿ ಖಾಲಿ ಮಾಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ನನ್ನ ಗೈಡ್ ಪೇಢೆ ತರಿಸಿದರು. ಹುನಗುಂದದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಖಾಲಿಯಿತ್ತು; ಜೂನ್ ಒಳಗೆ ಪ್ರಬಂಧ ಸಲ್ಲಿಸಿ ಬಂದರೆ ಸೇರಿಸಿಕೊಳ್ಳುತ್ತೇವೆ ಎಂದು ಅಲ್ಲಿನ ಪ್ರಾಂಶುಪಾಲರು ಮಾತು ಕೊಟ್ಟಿದ್ದರು. ನನಗೆ ಆ ಕೆಲಸ ಬೇಕಾಗಿತ್ತು. ಆಸಿಡ್ ವಾಸನೆಯಿಲ್ಲದ ಕೋಣೆಯಲ್ಲಿ, ಮಾತಾಡುವ ಮನುಷ್ಯರ ಮುಂದೆ ನಿಲ್ಲಬೇಕಾಗಿತ್ತು.

"ಇನ್ನೊಂದು ಪಟ್ಟಿ ಹಿಂಗ ಮಾಡಿ ತೋರ್ಸವಾ, ಅಷ್ಟ ಸಾಕು," ಅಂದರು ಸರ್.

ಅದೊಂದೇ ಆಗಲಿಲ್ಲ. ಇಳಕಲ್ಲಿನಲ್ಲಿ ಕೊಂಡ ಅದೇ ಕೈಮಗ್ಗದ ಬಟ್ಟೆ, ಅದೇ ಆಸಿಡ್, ಅದನ್ನು ತಣ್ಣಗಿಡಲು ಅದೇ ಅಂಗಡಿಯ ಐಸು. ಆದರೂ ಹೊಸ ಪಟ್ಟಿಗಳೆಲ್ಲ ಉದುರಿದವು. ಐಸಿನವನ ಜೊತೆ ನೀರು ಸರಿಯಿಲ್ಲವೆಂದು ಜಗಳವಾಡಿದೆ, ಪಾಪ ಅವನು ಕಣ್ಣುಕಣ್ಣು ಬಿಟ್ಟ. ದೀಪಾವಳಿಯ ಆ ಫಲಿತಾಂಶ ಬರದೇ ಇದ್ದಿದ್ದರೆ ಇದು ಆಗದ ಕೆಲಸ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಒಮ್ಮೆ ಬಂದದ್ದೇ ನನ್ನನ್ನು ಕಟ್ಟಿಹಾಕಿತು.

ಬೇಸಿಗೆಯ ಒಂದು ಭಾನುವಾರ ಅವ್ವ ನನ್ನ ಬಿಳಿ ಕೋಟನ್ನು ಇಸ್ತ್ರಿ ಮಾಡಿ ತಂದುಕೊಟ್ಟಳು. ಮೇಲೆ ನಾನು ಪ್ರಯೋಗಕ್ಕೆಂದು ಕತ್ತರಿಸಿಟ್ಟಿದ್ದ ನಾಲ್ಕಾರು ಬಟ್ಟೆಯ ತುಂಡುಗಳಿದ್ದವು.

"ಕಿಸೆದಾಗ ಇದ್ವು ನೋಡು. ದೀಪಾವಳಿ ಮುಂದ ಮಾಡಿದಂಗ ಒಗದು ಗಂಜಿ ಹಾಕೇನಿ."

"ಆವಾಗೂ ಹಾಕಿದ್ದೇನು?"

"ಹೂಂ ಮತ್ತ. ಹತ್ತಿ ಬಟ್ಟಿ ಗಂಜಿ ಹಾಕದ ಬಿಡ್ತಾರೇನು?"

ನಮ್ಮ ಮನೆಯಲ್ಲಿ ಬಿಡುವುದಿಲ್ಲ. ಅವ್ವನ ಕೈಗೆ ಸಿಕ್ಕರೆ ಕರವಸ್ತ್ರವೂ ಎದ್ದು ನಿಲ್ಲುತ್ತದೆ. ಆ ತುಂಡುಗಳನ್ನು ಪ್ರಯೋಗಾಲಯಕ್ಕೆ ಒಯ್ದು ಪಾಲಿಮರ್ ಬೆಳೆಸಿದೆ. ಒಂದೂ ಉದುರಲಿಲ್ಲ. ಅನ್ನದ ಗಂಜಿ ನೂಲನ್ನೂ ಪಾಲಿಮರನ್ನೂ ಒಟ್ಟಿಗೆ ಹಿಡಿದುಕೊಂಡಿತ್ತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇನ್ನು ಹೊರಟೆ ಎಂದುಕೊಂಡು ಸರ್‌ಗೆ ಹೇಳಲು ಓಡಿದೆ.

ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇದು ಭಾಳ ದೊಡ್ಡದಾತಲ್ಲವಾ! ಅಕ್ಕಿ ಗಂಜಿ, ಜೋಳದ ಗಂಜಿ, ಎಷ್ಟು ದಪ್ಪ, ಎಷ್ಟು ತೆಳ್ಳಗ, ಎಲ್ಲಾ ನೋಡ್ಬೇಕು. ಇದನ್ನ ಅರ್ಧಕ್ಕ ಬಿಟ್ಟು ಪ್ರಬಂಧ ಕೊಟ್ರ ಪರೀಕ್ಷಕರು ಒಪ್ತಾರೇನು? ಇನ್ನೊಂದು ವರ್ಷ ಕುಂತು ಮಾಡು."

"ಹುನಗುಂದದ ಕೆಲಸರಿ, ಸರ್?"

"ಅಂಥಾವು ಬೇಕಾದಷ್ಟು ಸಿಗ್ತಾವ."

ಅವರ ಮಾತು ತಪ್ಪಾಗಿರಲಿಲ್ಲ, ನನ್ನ ಸಿಟ್ಟಿಗೆ ಅದೇ ಕಾರಣ. ತಪ್ಪಾಗಿದ್ದರೆ ವಾದ ಮಾಡುತ್ತಿದ್ದೆ. ನನ್ನ ಹೊರದಾರಿಯನ್ನು ನಾನೇ ಹುಡುಕಿ ತಂದು ಅವರ ಮೇಜಿನ ಮೇಲಿಟ್ಟಿದ್ದೆ, ಅದು ಒಳಗೆ ಹೋಗುವ ದಾರಿಯಾಗಿತ್ತು.

ಸಂಜೆ ಮನೆಯಲ್ಲಿ, ಪಟ್ಟಿ ಉಳಿದದ್ದು ಗಂಜಿಯಿಂದ ಎಂದಷ್ಟೇ ಹೇಳಿದೆ. ಅವ್ವ ಮುಖಕ್ಕೆ ಸೆರಗು ಹಿಡಿದು ನಕ್ಕಳು. ಪಕ್ಕದ ಮನೆಯ ಕಾಕೂಗೂ ಕರೆದು ಹೇಳಿದಳು. ಆಮೇಲೆ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು:

"ಅಂದ್ರ ನಿಂದು ಮುಗೀತಲ್ಲ? ನನ್ನಿಂದ ಲಗೂನ ಆತಲ್ಲ?"

"ಹೂಂ ಅವ್ವಾ, ನಿನ್ನಿಂದನ ಆತು," ಅಂದೆ.

ಅವಳು ಸಿಹಿಗೆ ಸಜ್ಜಕ ಮಾಡುತ್ತೇನೆಂದು ಒಳಗೆ ಹೋದಳು. ನಾನು ಮಾಳಿಗೆ ಹತ್ತಿ ಹುನಗುಂದಕ್ಕೆ ಫೋನು ಮಾಡಿದೆ, ಆ ಕೆಲಸ ಬೇರೆಯವರಿಗೆ ಕೊಡಿರಿ ಎಂದು.